ಮುಖ ನೋಡದ ಹಾವಗೆಪ್ಪ
ಹೈದರಾಬಾದಿನಲ್ಲಿ ಕಾಲಿನ ಚಿಕಿತ್ಸೆ ಕಲಿತು ಔರಾದಿಗೆ ಮರಳಿದ ಹಾವಗೆಪ್ಪ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತಗ್ಗಿಸಿದ ತಲೆ ಎತ್ತದೆ, ಪಾದ ಕಂಡೇ “ಹೀರಾಬಾಯಿ, ಹಿಮ್ಮಡ ಮತ್ತ ಒಡದಾವಲ್ರಿ” ಎನ್ನುತ್ತಿದ್ದ. ನಾರುಹುಣ್ಣಿನ ಹುಳುವನ್ನು ಕಡ್ಡಿಗೆ ಸುತ್ತಿ ತೆಗೆದರೆ ಸೇರು ಜೋಳ ಸಿಗುತ್ತಿತ್ತು, ಅಷ್ಟೇ. ಬೀದರಿಗೆ ಹೋಗಿ ದವಾಖಾನೆಯಲ್ಲಿ ನೌಕರಿ ಕೇಳಿದರೆ, “ಕಾಲಿಗೊಬ್ಬ, ಕೈಗೊಬ್ಬ ಇಡಲಾಕ ಇದೇನ್ ಅರಮನಿ ಏನೋ?” ಎಂದು ನಗುತ್ತಿದ್ದರು. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ತಿಂಗಳು, ನಿಜಾಮನ ಪರ ಕಾದಾಡಿ ಅಡಗಿದ್ದ ರಜಾಕಾರರನ್ನು ಹುಡುಕುತ್ತಿದ್ದ ಭಾಲ್ಕಿಯ ಹೊಸ ಅಧಿಕಾರಿ ಅವನನ್ನು ಕರೆಸಿದ. “ಗುಂಡು ಬಿದ್ದ ಕಾಲಿಗೆ ಪಟ್ಟಿ ಕಟ್ಟೀಯಂತ. ಯಾರ ಕಾಲದು? ಹೆಸರ ಹೇಳು, ದವಾಖಾನಿ ನೌಕರಿ ನಿಂದು.” ಹಾವಗೆಪ್ಪ ಅಧಿಕಾರಿಯ ಬೂಟುಗಳನ್ನೇ ನೋಡುತ್ತ ಅಂದ: “ಮಾರಿ ನೋಡಿಲ್ರಿ ಸಾಹೇಬ್ರ, ಕಾಲಷ್ಟೇ ನೋಡೀನಿ.” ಔರಾದಿನ ಒಂದೊಂದು ಪಾದವನ್ನೂ ಹೆಸರಿನಿಂದ ಬಲ್ಲವನು ಮರುದಿನ ಮತ್ತೆ ಸೇರು ಜೋಳಕ್ಕೆ ಹುಳು ಸುತ್ತುತ್ತ ಕೂತಿದ್ದ.