ಸತ್ತೆಪ್ಪ ನೋಡಿದ ಸಿನಿಮಾ

ಕುಲಗೋಡದ ಕಬ್ಬಿನ ಹೊಲಗಳಲ್ಲಿ ಹಿಂದುಹಿಂದಕ್ಕೆ ನಡೆಯುವ ಹೆಣ್ಣಾಳು ಕಾಶೆವ್ವ ಒಬ್ಬಳೇ. ಉಳಿದವರು ಕುರ್ಪಿ ಹಿಡಿದು ಕುಕ್ಕರುಗಾಲಲ್ಲಿ ಕೂತು, ಸಾಲಿಗೊಬ್ಬರಂತೆ ಕಸ ತೆಗೆಯುತ್ತ ಮುಂದೆ ಸರಿಯುವಾಗ, ಇವಳು ಅವರಿಗೆ ಎದುರಾಗಿ ನಿಂತು, ಒಂದು ಎಳೆ ಸಸಿಯನ್ನೂ ತುಳಿಯದೆ ಹಿಂದೆ ಸರಿಯುತ್ತ ಸಿನಿಮಾದ ಕತೆ ಹೇಳುತ್ತಾಳೆ. ದಿನಾ ಅಲ್ಲ ಮತ್ತೆ. ಗೋಕಾಕಕ್ಕೆ ಹೋಗಿ ಹೊಸ ಸಿನಿಮಾ ನೋಡಿ ಬಂದ ಮರುದಿನ ಮಾತ್ರ. ಆ ದಿನ ಅವಳ ಪಾಲಿನ ಸಾಲನ್ನು ಎಡಬಲದ ಹೆಂಗಸರು ಅರ್ಧರ್ಧ ಹಂಚಿಕೊಂಡು ಮುಗಿಸಬೇಕು. ಅದಕ್ಕೆ ‘ಕತಿ ಸಾಲು’ ಎಂದೇ ಹೆಸರು. ಹೊಲದ ಯಜಮಾನ ಗುರುಪಾದ ಮೊದಮೊದಲು ಮೂಗು ಮುರಿದಿದ್ದ. ಆಮೇಲೆ ನೋಡಿದರೆ ಕತೆಯ ದಿನವೇ ಕೆಲಸ ಬೇಗ ಮುಗಿಯುತ್ತಿತ್ತು, ಏಕೆಂದರೆ ಹಿಂದೆ ಬಿದ್ದವರಿಗೆ ಕತೆ ಕೇಳಿಸುವುದಿಲ್ಲ. ಈಗ ಅವನೇ ಬದುವಿನ ಮೇಲೆ ನಿಂತು, “ಗೋಕಾಕದಾಗ ಹೊಸಾದು ಯಾವುದೂ ಬಂದಿಲ್ಲನ ಕಾಶೆವ್ವಾ?” ಎಂದು ಕೇಳುತ್ತಾನೆ.

ಕಾಶೆವ್ವ ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ. ಅವಳ ಅವ್ವನಿಗೆ ಸಿನಿಮಾ ಅಂದರೆ ಜೀವ, ಆದರೆ ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ಅಣ್ಣಂದಿರ ಜೊತೆ ಟೆಂಟಿಗೆ ಹೋಗಿ ಬಂದ ಹುಡುಗಿ, ಅವ್ವ ರೊಟ್ಟಿ ಬಡಿದು ಮುಗಿಸುವ ತನಕ ಒಲೆಯ ಮುಂದೆ ಕೂತು ಕತೆ ಹೇಳುತ್ತಿದ್ದಳು. ಅವ್ವನದು ಒಂದೇ ಕಟ್ಟಳೆ: “ಇದ್ದದ್ದ ಹೇಳ. ನಿಂದೇನೂ ಕೂಡಸಬ್ಯಾಡ. ನಾನ ಹೋಗಿ ನೋಡಿ ಬಂದಂಗ ಆಗ್ಬೇಕು.” ಆ ಮಾತು ಕಾಶೆವ್ವನ ಮೈಗೆ ಅಂಟಿಬಿಟ್ಟಿತು. ನಾಯಕಿ ಸತ್ತರೆ ಸತ್ತಳು ಎಂದೇ ಹೇಳುವಳು. ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, “ಬದಕಸೇ ಯವ್ವಾ ಅಕಿನ್ನ” ಎಂದು ಗೋಗರೆದರೂ ಬದುಕಿಸಳು. ಕಲ್ಲೆದೆಯವಳು ಎಂದು ಬೈಸಿಕೊಂಡಳೇ ಹೊರತು ಸಿನಿಮಾಕ್ಕೆ ತನ್ನದೊಂದು ಹೊಲಿಗೆ ಹಾಕಿದವಳಲ್ಲ.

ಗಂಡ ಸತ್ತೆಪ್ಪನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬಾರದು. ಚಿಕ್ಕಂದಿನ ಜ್ವರ ಎರಡನ್ನೂ ಒಯ್ದಿತ್ತು. ಗುರುಪಾದನ ಎಮ್ಮೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಹೆಣ್ಣು ನೋಡಲು ಹತ್ತರಗಿಗೆ ಬಂದ ದಿನ, ಹಿರಿಯರೆಲ್ಲ ಮಾತಿಗೆ ಕೂತಿದ್ದಾಗ ಅವನು ಸುಮ್ಮನೆ ಎದ್ದು ಹೋಗಿ, ಅಂಗಳದಲ್ಲಿ ಕರುವಿನ ಕಾಲಿಗೆ ಸುತ್ತಿಕೊಂಡಿದ್ದ ಹಗ್ಗ ಬಿಡಿಸಿದ್ದ. ಒಳಗಿನಿಂದ ಅದನ್ನು ಕಂಡ ಕಾಶೆವ್ವ, “ನನಗ ಇಂವ ಆಗ್ತಾನ” ಎಂದುಬಿಟ್ಟಳು. ಮದುವೆಯಾದ ಮೇಲೆ ಇಬ್ಬರೂ ಸೇರಿ ಕೈಮಾತೊಂದನ್ನು ಕಟ್ಟಿಕೊಂಡರು. ಅದು ಊರಿನವರಿಗೆ ಅಲ್ಪಸ್ವಲ್ಪ ತಿಳಿಯುತ್ತದೆ. ಪೂರ್ತಿ ಬಲ್ಲವಳು ಅವಳೊಬ್ಬಳೇ.

ಸಿನಿಮಾಕ್ಕೆ ಅವನನ್ನು ತಪ್ಪದೆ ಕರೆದುಕೊಂಡು ಹೋಗುತ್ತಿದ್ದಳು. ಅವನು ತಪ್ಪದೆ ನಿದ್ದೆ ಹೋಗುತ್ತಿದ್ದ. ಪರದೆಯ ತುಂಬ ಬಾಯಿಗಳು ಅಲ್ಲಾಡುತ್ತವೆ, ಪಾಪ, ಎಷ್ಟಂತ ನೋಡಿಯಾನು? ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕೈಯಿಂದ ಕತೆ ಹೇಳುತ್ತಿದ್ದಳು. ನಗುವಲ್ಲಿ ನಗುತ್ತಿದ್ದ, ಅಳುವಲ್ಲಿ ಮುಖ ಸಣ್ಣದು ಮಾಡುತ್ತಿದ್ದ. ತನಗೆ ಜೊತೆಯಾಗಲಿ ಎಂದಷ್ಟೇ ಬರುತ್ತಾನೆ, ಸಿನಿಮಾದಲ್ಲಿ ಅವನಿಗೇನೂ ಇಲ್ಲ ಎಂದೇ ಕಾಶೆವ್ವ ತಿಳಿದಿದ್ದಳು.

ಹೀಗಿರುವಾಗ ಮೂಡಲಗಿಯ ನೇತ್ರಾ ಈ ಊರಿಗೆ ಸೊಸೆಯಾಗಿ ಬಂದಳು. ಚುರುಕಿನ ಹುಡುಗಿ, ಕೈಯಲ್ಲಿ ಕುರ್ಪಿ, ಕಿವಿಯಲ್ಲಿ ಫೋನಿನ ವೈರು. ಕಾಶೆವ್ವನ ಬಲಗಡೆಯ ಸಾಲು ಅವಳ ಪಾಲಿಗೆ ಬಂದದ್ದೇ ತಂಟೆಗೆ ಮೂಲವಾಯಿತು.

“ಈಗ ಎಲ್ಲಾರ ಕೈಯಾಗೂ ಫೋನ್ ಐತಿ. ಕತಿ ಕೇಳೂದಕ್ಕ ಇನ್ನೊಬ್ಬರ ಸಾಲು ನಾವ್ಯಾಕ ತಗೀಬೇಕ್ರಿ?” ಎಂದಳು ಒಂದು ದಿನ, ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾಗ. ಮಾತು ಹೊಸದಾಗಿ ಬಂದ ದೊಡ್ಡ ಸಿನಿಮಾದ ಕಡೆ ಹೊರಳಿತು. “ಕತಿ ಯಾರಿಗೆ ಬೇಕ್ರಿ ಕಾಕಿ? ಗ್ರಾಫಿಕ್ಸ್ ನೋಡ್ರಿ! ಗುಡ್ಡ ನಡೀತಾವು, ಸಮುದ್ರ ಎದ್ದ ನಿಂದರತೈತಿ. ಅದನ್ನ ಬಾಯೀಲೆ ಹೆಂಗ ಹೇಳ್ತೀರಿ?”

“ಗುಡ್ಡ ನಡೀಲಿ ಬಿಡ. ಯಾಕ ನಡೀತು, ಯಾರ ಸಲುವಾಗಿ ನಡೀತು, ಅದ ಗೊತ್ತಾಗ್ಲಿಲ್ಲಂದ್ರ ನೋಡಿ ಏನ್ ಮಾಡೂದೈತಿ?” ಎಂದಳು ಕಾಶೆವ್ವ.

ಗ್ಯಾಂಗಿನ ಹಿರಿಯಳು ಉದ್ದವ್ವ. ಅವಳು ನೀರು ಕುಡಿದು ತೀರ್ಪು ಕೊಟ್ಟಳು: “ಆತು, ಕಾಶಿ ಈ ಸಿನಿಮಾನ ನೋಡಿ ಬರ್ಲಿ. ಕೇಳಿ ಮನಸ್ಸ ತುಂಬಿದ್ರ ಕತಿ ಸಾಲು ಇರ್ತೈತಿ. ಇಲ್ಲಂದ್ರ ಅವರವರ ಸಾಲು ಅವರವರಿಗೆ.”

ಕಾಶೆವ್ವ ನಕ್ಕಳು. ಒಳಗೊಳಗೆ ಮಾತ್ರ ಹೆದರಿದ್ದಳು. ಮಗಳು ಶೋಭಾ ಮದುವೆಯಾಗಿ ಅಂಕಲಗಿಗೆ ಹೋದ ಮೇಲೆ ಮನೆಯಲ್ಲಿ ಬಾಯಿ ಬಿಟ್ಟು ಆಡುವ ಮಾತೇ ಉಳಿದಿರಲಿಲ್ಲ. ಗಂಡನ ಮೇಲೆ ಪ್ರೀತಿಗೆ ಕೊರತೆಯಿಲ್ಲ, ಆದರೆ ಗಂಟಲಿಗೂ ಒಂದು ಆಸೆ ಇರುತ್ತದಲ್ಲ. ತನ್ನ ದನಿಯನ್ನು ನಾಲ್ಕು ಜನ ಕಿವಿಗೊಟ್ಟು ಕೇಳುವ ಜಾಗವೆಂದರೆ ಅವಳಿಗೆ ಆ ಸಾಲೊಂದೇ. ಅದೂ ಹೋದರೆ ಏನು ಗತಿ ಎಂದು ಅವಳಿಗೆ ತೋಚಲಿಲ್ಲ.

ಮಧ್ಯಾಹ್ನದ ಆಟಕ್ಕೆ ಗಂಡ ಹೆಂಡತಿ ಗೋಕಾಕಕ್ಕೆ ಹೋದರು. ಟಾಕೀಜು ತುಂಬಿ ತುಳುಕುತ್ತಿತ್ತು. ಕಾಶೆವ್ವ ಕತೆ ಹಿಡಿಯಲು ಸೆರಗು ಬಿಗಿದು ಕೂತಳು. ಸಮುದ್ರ ಎದ್ದಿತು. ಗುಡ್ಡ ಸೀಳಿತು. ಎಮ್ಮೆಯೂ ಅಲ್ಲದ ಆನೆಯೂ ಅಲ್ಲದ ಭಾರೀ ಪ್ರಾಣಿಯೊಂದು ನೀರಿನಿಂದ ಮೇಲೆದ್ದು ಪಟ್ಟಣಕ್ಕೆ ನುಗ್ಗಿತು. ಜನ ಸಿಳ್ಳೆ ಹೊಡೆದರು. ಅವಳ ಎದೆಯೂ ಝಲ್ಲೆಂದಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಕತೆ? ನಾಯಕ ಸಿಟ್ಟಿನಿಂದ ಉದ್ದುದ್ದ ಮಾತಾಡಿದ, ಸಿಟ್ಟಿಗೆ ಕಾರಣ ಹೇಳಲಿಲ್ಲ. ತಾಯಿಯೊಬ್ಬಳು ಬಂದು ಅತ್ತಳು. ಅವಳು ಯಾರ ತಾಯಿ ಎನ್ನುವಷ್ಟರಲ್ಲಿ ಕಟ್ಟಡ ಅವಳ ಮೇಲೆ ಬಿತ್ತು. ಎಲ್ಲಿ ಕೈ ಹಾಕಿದರೂ ಕತೆಯ ತಲೆ ಸಿಗಲಿಲ್ಲ, ಬುಡವೂ ಸಿಗಲಿಲ್ಲ. ಇಷ್ಟು ದುಡ್ಡು ಸುರಿದು ಬೆಟ್ಟ ಎಬ್ಬಿಸುವ ಜನಕ್ಕೆ ಒಂದು ಕತೆ ಬರೆಸುವ ಬುದ್ಧಿ ಯಾಕೆ ಬರುವುದಿಲ್ಲವೋ, ಆ ಬಸವಣ್ಣನೇ ಬಲ್ಲ.

ಸಿಟ್ಟಿನ ಭರದಲ್ಲಿ ಅವಳು ಬಾಜೂ ನೋಡಲೇ ಇಲ್ಲ. ನೋಡಿದ್ದರೆ, ಸತ್ತೆಪ್ಪ ಆ ದಿನ ರೆಪ್ಪೆ ಮುಚ್ಚಿರಲಿಲ್ಲ ಎಂಬುದು ಕಾಣುತ್ತಿತ್ತು.

ನಾಯಕ ಪ್ರಾಣಿಯ ಎದುರು ಬೆಂಕಿಯ ಈಟಿ ಎತ್ತಿದಾಗ ಕಾಶೆವ್ವನಿಗೆ ಸಾಕಾಗಿಹೋಯಿತು. ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಅವನು ಏಳಲೊಲ್ಲೆ ಎಂದ, ಪರದೆಯ ಕಡೆ ಕೈ ಮಾಡಿದ. ಅವಳು ಎಳೆದುಕೊಂಡೇ ಹೊರಟಳು. ಬಾಗಿಲಲ್ಲಿ ಅವನನ್ನು ಮುಂದೆ ದೂಡಿ, ರೂಢಿಯಂತೆ ಒಮ್ಮೆ ಹಿಂದೆ ತಿರುಗಿ ನೋಡಿದಳು. ಈಟಿ ನಾಟಿ ಪ್ರಾಣಿ ಹೊತ್ತಿ ಉರಿದು ಬೂದಿಯಾಯಿತು. ಹಾಳಾಗಿ ಹೋಗಲಿ ಎಂದುಕೊಂಡು ಹೊರಗೆ ಬಂದಳು.

ಕುಲಗೋಡದ ಬಸ್ಸಿನಲ್ಲಿ ಸತ್ತೆಪ್ಪನ ಕೈಗಳು ಎದ್ದವು. ಏನೋ ಹೇಳಲು ಹೊರಟಿದ್ದ, ಕಣ್ಣು ಹೊಳೆಯುತ್ತಿದ್ದವು. ನಾಳೆ ಯಾವ ಮುಖ ಹೊತ್ತು ಹೊಲಕ್ಕೆ ಹೋಗಲಿ ಎಂಬ ಚಿಂತೆಯಲ್ಲಿದ್ದ ಕಾಶೆವ್ವ ಅವನ ಎರಡೂ ಕೈ ಹಿಡಿದು ಅವನ ತೊಡೆಯ ಮೇಲೆ ಒತ್ತಿ ಇಟ್ಟುಬಿಟ್ಟಳು. ಮಾತು ಬಾರದವನ ಕೈ ಹಿಡಿಯುವುದೆಂದರೆ ಬಾಯಿ ಮುಚ್ಚಿಸಿದಂತೆ. ಮದುವೆಯಾದಂದಿನಿಂದ ಜಗಳದಲ್ಲೂ ಅವಳು ಹಾಗೆ ಮಾಡಿರಲಿಲ್ಲ. ಸತ್ತೆಪ್ಪ ಊರು ಬರುವ ತನಕ ಕೈಗಳನ್ನು ಅವಳು ಇಟ್ಟಲ್ಲಿಯೇ ಇಟ್ಟುಕೊಂಡು ಕೂತ.

ಬೆಳಿಗ್ಗೆ ಹೊಲದಲ್ಲಿ ಎಲ್ಲರೂ ಸಾಲು ಹಿಡಿದರು. ಕಾಶೆವ್ವ ಎದುರು ನಿಂತು ಶುರು ಮಾಡಿದಳು. “ಒಂದ ಸಮುದ್ರ ಇತ್ತು. ಅದು ಎದ್ದ ನಿಂತು.”

“ಯಾಕ?” ಎಂದಳು ಎಡಗಡೆಯ ಶಿವವ್ವ.

“ಯಾಕೋ ಯವ್ವಾ. ಎದ್ದ ನಿಂತು. ಆಮ್ಯಾಲ ಅದರಾಗಿಂದ ಒಂದ ಪ್ರಾಣಿ ಬಂತು. ಊರೆಲ್ಲಾ ಕೆಡವಾಕ ಹತ್ತು.”

“ಅದಕ್ಕೇನ ಮಾಡಿದ್ರು ಊರಾಗಿನವರು?”

ಏನೂ ಮಾಡಿರಲಿಲ್ಲ. ಸೇರಿಸಿ ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ. ಗುಡ್ಡ ಎಷ್ಟು ದೊಡ್ಡದಿತ್ತು ಎಂದು ಹೇಳಿದಳು, ಬೆಂಕಿ ಎಷ್ಟು ಎತ್ತರವಿತ್ತು ಎಂದಳು. ಒಬ್ಬೊಬ್ಬರ ಕಣ್ಣೂ ಅವಳ ಮುಖ ಬಿಟ್ಟು ನೆಲಕ್ಕೆ ಇಳಿದವು. ನೇತ್ರಾ ಕತಿ ಸಾಲಿನ ತನ್ನ ಅರ್ಧಕ್ಕೆ ಕೈ ಹಾಕದೆ ತನ್ನ ಸಾಲಿನಲ್ಲೇ ಮುಂದೆ ಸರಿದಳು. ಕೊನೆಗೆ ಕಾಶೆವ್ವ ಸೊಂಟದ ಕುರ್ಪಿ ತೆಗೆದು, ಶಿವವ್ವ ಒಬ್ಬಳೇ ತೆಗೆಯುತ್ತಿದ್ದ ತನ್ನ ಸಾಲನ್ನು ವಾಪಸ್ ತೆಗೆದುಕೊಂಡು ಕೂತಳು. ಮುಖ ಕೆಳಗೆ ಹಾಕಿದ್ದು ಕಸ ಕಾಣಲಿ ಎಂದಲ್ಲ.

ಬದುವಿನ ಆಚೆ ಎಮ್ಮೆ ಮೇಯಿಸುತ್ತಿದ್ದ ಸತ್ತೆಪ್ಪ ಇದನ್ನೆಲ್ಲ ನೋಡುತ್ತಿದ್ದ. ಇಷ್ಟು ವರ್ಷ ದೂರದಿಂದ ಕಂಡದ್ದು, ಹೆಂಡತಿ ನಿಂತಿರುವುದನ್ನು ಮತ್ತು ಹೆಂಗಸರು ಬಾಯಿ ತೆರೆದು ಅವಳನ್ನೇ ನೋಡುವುದನ್ನು. ಈ ದಿನ ಅವಳು ಕೂತಿದ್ದಾಳೆ. ಅವನು ಕೋಲು ಎಸೆದು ಬದು ದಾಟಿ ಬಂದ. ಅವಳು ಹಿಂದಕ್ಕೆ ನಡೆಯುತ್ತಿದ್ದ ಜಾಗದಲ್ಲಿ ನಿಂತು ಎರಡೂ ಕೈ ಎತ್ತಿದ.

ಅವನು ಸಮುದ್ರವಾದ. ಆಮೇಲೆ ಆ ಪ್ರಾಣಿಯಾದ. ಕತ್ತು ಮುಂದೆ ಚಾಚಿ, ಮೂಗು ಮೇಲೆತ್ತಿ, ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗಿ ಬಂದು, ಬಿಟ್ಟ ಜಾಗವನ್ನೇ ಮತ್ತೆ ಮೂಸಿದ. ಕುರ್ಪಿಗಳು ನಿಂತವು.

“ಏನ ಅನ್ನಾಕತ್ತಾನ ಕಾಶಿ?” ಎಂದಳು ಉದ್ದವ್ವ.

ಕಾಶೆವ್ವ ಎದ್ದು ನಿಂತು ಅವನ ಕೈ ನೋಡಿದಳು. ಆ ನಡಿಗೆಯನ್ನು ಅವಳೂ ಬಲ್ಲಳು, ದನ ಸಾಕಿದವರೆಲ್ಲ ಬಲ್ಲರು. “ಅದು ಊರ ಕೆಡವಾಕ ಬಂದಿಲ್ಲಂತ,” ಎಂದಳು. “ಅದರ ಕರ ಕಳದೈತಂತ. ಕರ ಹುಡುಕಾಕತ್ತೈತಂತ.”

ಸತ್ತೆಪ್ಪ ಮುಂದುವರಿಸಿದ, ಅವಳು ಹಿಂದಿನಿಂದ ದನಿಯಾದಳು. ಪ್ರಾಣಿ ಒಂದೊಂದು ಮನೆಯ ಮಾಡು ತೆಗೆದದ್ದು ಒಳಗೆ ಇಣುಕಲಿಕ್ಕೆ. ಬಾವಿ ಕಂಡಲ್ಲೆಲ್ಲ ಬಗ್ಗಿದ್ದು, ಒಳಗೆ ಬಿದ್ದಿದೆಯೇನೋ ಎಂದು. ಕೂಗಿದ್ದು ಕೊಲ್ಲಲಿಕ್ಕಲ್ಲ, ಕೂಗಿ, ಕಿವಿ ತಿರುಗಿಸಿ, ಉತ್ತರಕ್ಕೆ ಕಾದಿತ್ತು. ಹೌದು, ಕಾದಿತ್ತು, ಕಾಶೆವ್ವನಿಗೂ ಈಗ ನೆನಪಾಯಿತು. ನಾಯಕನ ಒಣ ಮಾತು ಕೇಳುವ ಗಡಿಬಿಡಿಯಲ್ಲಿ ಅವಳದನ್ನು ಕಂಡೂ ಕಂಡಿರಲಿಲ್ಲ. ಎಲ್ಲೋ ಕಂಪ್ಯೂಟರಿನ ಮುಂದೆ ಕೂತು ಆ ಪ್ರಾಣಿಯ ಚಿತ್ರ ಬಿಡಿಸಿದ ಪುಣ್ಯಾತ್ಮ ಎಂದಾದರೂ ಕರು ಕಳೆದುಕೊಂಡ ಎಮ್ಮೆಯನ್ನು ನೋಡಿದ್ದಿರಬೇಕು. ಕತೆ ಬರೆದವನಿಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಮಾತುಗಳು ಅಡ್ಡ ಬಾರದವನಿಗೆ ಅದು ಮೊದಲಿನಿಂದ ಕಂಡಿತ್ತು. ನಿನ್ನೆ ಬಸ್ಸಿನಲ್ಲಿ ಅವನು ಹೇಳಲು ಹೊರಟದ್ದು ಇದನ್ನೇ ಎಂದು ಕಾಶೆವ್ವನಿಗೆ ಆಗ ಹೊಳೆಯಿತು.

ಎದುರಿನ ಸಾಲಿನಲ್ಲಿ ಶಿವವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ನೇತ್ರಾಳ ಕಿವಿಯ ವೈರು ಯಾವಾಗಲೋ ಕೊರಳಿಗೆ ಇಳಿದಿತ್ತು. ಸತ್ತೆಪ್ಪ ಬೆಂಕಿಯ ಈಟಿ ಎತ್ತಿದವನನ್ನು ತೋರಿಸಿ, ಅಲ್ಲಿಗೆ ಕೈ ಇಳಿಸಿ ನಿಂತುಬಿಟ್ಟ.

“ಮುಂದ? ಕರ ಸಿಕ್ತೇನ?” ಶಿವವ್ವ ಅರ್ಧ ಎದ್ದೇ ಕೇಳಿದಳು.

ಕಾಶೆವ್ವ ಅದನ್ನೇ ಕೈಯಲ್ಲಿ ಕೇಳಿದಳು. ಅವನು ತನಗೆ ಗೊತ್ತಿಲ್ಲ ಎಂದ. ನೀನು ಎಳೆದುಕೊಂಡು ಬಂದೆಯಲ್ಲ. ಬಾಗಿಲಲ್ಲಿ ತಿರುಗಿ ನೋಡಿದವಳು ನೀನು. ರಾತ್ರಿ ಅದೇ ಯೋಚನೆ, ನಿದ್ದೆ ಬರಲಿಲ್ಲ. ನೀನೇ ಹೇಳು, ಸಿಕ್ಕಿತೋ?

ಹೊಲದಲ್ಲಿ ಎಲ್ಲರೂ ಕಾಶೆವ್ವನನ್ನೇ ನೋಡುತ್ತಿದ್ದರು. ಅವಳ ಕಣ್ಣೆದುರು ಆ ಪ್ರಾಣಿ ಉರಿದು ಬೂದಿಯಾಗುತ್ತಿತ್ತು. ಇದ್ದದ್ದು ಇದ್ದ ಹಾಗೆ ಹೇಳಿ ಬಂದ ಬಾಯಿ ಅವಳದು. ಗಂಡನ ಮುಖ ನೋಡಿದಳು. ಉತ್ತರಕ್ಕೆ ಕಾದಿದ್ದ ಆ ಕಣ್ಣುಗಳಿಗೆ ಬೂದಿ ಹಾಕುವುದು ಅವಳಿಂದ ಆಗಲಿಲ್ಲ.

ಸಿಕ್ಕಿತು, ಎಂದು ಕೈಯಲ್ಲಿ ಹೇಳಿದಳು. ಕರು ಗುಡ್ಡದ ಹಿಂದೆ ನಿಂತಿತ್ತು. ತಾಯಿ ನೆಕ್ಕಿತು. ಎರಡೂ ನೀರಿಗೆ ಇಳಿದು ಹೋದವು. ಆಮೇಲೆ ಹೆಂಗಸರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು: “ಸಿಕ್ತು. ನಾ ನೋಡೇನಿ.”

ಸತ್ತೆಪ್ಪ ದೊಡ್ಡದೊಂದು ಉಸಿರು ಬಿಟ್ಟ. ಮರುಕ್ಷಣ ಅವನ ಕೈ ಮತ್ತೆ ಎದ್ದವು: ಹಾಗಾದರೆ ಇವತ್ತೇ ಹೋಗೋಣ, ಅದೊಂದನ್ನು ನಾನೂ ನೋಡಬೇಕು.

ಕಾಶೆವ್ವ ಬೆವತುಹೋದಳು. ಆ ಕೈಮಾತು ಎಲ್ಲರಿಗೂ ತಿಳಿಯುವಷ್ಟು ಸುಲಭವಾಗಿತ್ತು, ನೇತ್ರಾಳಿಗೂ ತಿಳಿಯಿತು. ಪೂರ್ತಿ ಸಿನಿಮಾವನ್ನು ಫೋನಿನಲ್ಲಿ ನೋಡಿದ್ದ ಹುಡುಗಿ ಅವಳು, ಕೊನೆ ಏನೆಂದು ಬಲ್ಲವಳು. ಬಾಯಿ ತೆರೆದಳು. ಒಂದು ಗಳಿಗೆ ಸತ್ತೆಪ್ಪನನ್ನು ನೋಡಿದಳು.

“ಕಾಕಾಗ ಹೇಳ್ರಿ ಕಾಕಿ,” ಎಂದಳು, “ಆ ಸಿನಿಮಾ ಮುಂಜಾನೇನ ಟಾಕೀಜಿನಿಂದ ತಗದ್ರಂತ.” ಹೇಳಿ, ಕುಕ್ಕರುಗಾಲಲ್ಲೇ ಅರ್ಧ ಹೆಜ್ಜೆ ಸರಿದು ಕಾಶೆವ್ವನ ಸಾಲಿಗೆ ಕುರ್ಪಿ ಹಾಕಿದಳು.

ಕಾಶೆವ್ವ ಗಂಡನಿಗೆ ಅದನ್ನೂ ತಿಳಿಸಿದಳು. ಅವನ ಮುಖ ಸ್ವಲ್ಪ ಇಳಿಯಿತು. ಆಮೇಲೆ ಬದುವಿನ ಮೇಲೆ ಕೂತುಕೊಂಡು, ಹೋಗಲಿ ಬಿಡು, ಕರು ಸಿಕ್ಕದ್ದನ್ನು ನೀನೇ ಇನ್ನೊಮ್ಮೆ ಹೇಳು, ಎಂದ. ಕಾಶೆವ್ವ ಅವನ ಎದುರು ನಿಂತು, ಈ ಸಲ ಇನ್ನಷ್ಟು ಸಾವಕಾಶವಾಗಿ ಹೇಳತೊಡಗಿದಳು.