ಫಕೀರಪ್ಪಜ್ಜನ ಕೊರಳಿಗೆ ಮಾಲೆ

ನಾನು ಚಿತ್ರ ಬರೆದುಕೊಟ್ಟ ಹಿರಿಯರಲ್ಲಿ ಒಬ್ಬರೂ ತಮ್ಮ ಮುಖ ಸರಿಯಾಗಿ ಬಂದಿಲ್ಲವೆಂದು ದೂರಿದ್ದಿಲ್ಲ. ನೀವು ನನ್ನ ಕೈಚಳಕವನ್ನು ಮೆಚ್ಚಿಕೊಳ್ಳುವ ಮೊದಲು ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಕುಂಚ ಹಿಡಿಯುವ ಹೊತ್ತಿಗೆ ಅವರೆಲ್ಲ ತೀರಿಕೊಂಡಿರುತ್ತಿದ್ದರು.

ನಾನು ಹಾನಗಲ್ಲಿನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ, ನಮ್ಮ ಕಡೆ ಗೋಡೆ ಏರುವ ಯೋಗ್ಯತೆ ಇದ್ದದ್ದು ದೇವರಿಗೆ, ಬಿಟ್ಟರೆ ಸತ್ತವರಿಗೆ. ದೇವರು ಮುಂಬಯಿಯಿಂದ ಅಚ್ಚಾಗಿ ಬರುತ್ತಿದ್ದ. ಸತ್ತವರು ನನ್ನ ಪಾಲಿಗಿದ್ದರು. ಮಕ್ಕಳು ಎಲ್ಲಿಯದೋ ಒಂದು ಮಾಸಿದ ಗುಂಪು ಫೋಟೋ ತಂದು, "ಹಿಂದಿನ ಸಾಲಿನ್ಯಾಗ ನಮ್ಮಪ್ಪ ಅದಾನ್ರಿ. ರುಮಾಲ ಅಷ್ಟ ಕಾಣತೈತಿ. ಮಾರಿ ನೀವ ನೋಡಿ ಹಾಕ್ರಿ" ಎನ್ನುವರು. ನಾನು ನೋಡಿ ಹಾಕುತ್ತಿದ್ದೆ. ಹೀಗೆ ನನ್ನ ಕಲ್ಪನೆಯಿಂದ ಹುಟ್ಟಿದ ಎಷ್ಟೋ ಮೂಗು ಮೀಸೆಗಳಿಗೆ ಇಂದಿಗೂ ಅಮಾವಾಸ್ಯೆಗೆ ತಪ್ಪದೆ ಎಡೆ ಸಲ್ಲುತ್ತಿದೆ.

ಇದು ನಮ್ಮೂರಿಗೆ ಹೊಸ ರೂಢಿಯೇನಲ್ಲ. ನಮ್ಮ ತಾರಕೇಶ್ವರ ಗುಡಿಯ ಬಳಿಯ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ಬಂಟ ಕಾದುತ್ತಾನೆ, ನಡುವೆ ಅಪ್ಸರೆಯರ ತೋಳೇರುತ್ತಾನೆ, ಮೇಲೆ ಶಿವನ ಮುಂದೆ ಕೂತಿರುತ್ತಾನೆ. ಬಹಳ ಚೆಲುವಾದ ಕೆಲಸ. ಆದರೆ ಅದೇ ಮನುಷ್ಯ ಊರಲ್ಲಿ ದನ ಕಾಯುತ್ತ, ಹೆಂಡತಿಯೊಡನೆ ಜಗಳಾಡುತ್ತ ತಿರುಗುತ್ತಿದ್ದಷ್ಟು ದಿನ ಯಾವ ಕಲ್ಲುಕುಟಿಗನೂ ಅವನ ಕಡೆ ಕಣ್ಣೆತ್ತಿ ನೋಡಿರಲಾರ. ಇದನ್ನು ನೆನೆದಾಗಲೆಲ್ಲ ನನಗೆ ಆ ಬಂಟನ ಮೇಲೆ ಮರುಕವೂ ಕಲ್ಲುಕುಟಿಗನ ಮೇಲೆ ಸ್ವಲ್ಪ ಸಿಟ್ಟೂ ಬರುತ್ತಿತ್ತು.

ನನಗೊಂದು ಹಂಬಲ ಹತ್ತಿಕೊಂಡಿತ್ತು. ಬದುಕಿರುವ ಒಬ್ಬ ಮನುಷ್ಯನನ್ನು ಎದುರಿಗೆ ಕೂಡಿಸಿಕೊಂಡು ಬರೆಯಬೇಕು, ಅದನ್ನು ಯಾರಾದರೂ ಬರೀ ಚಿತ್ರ ಚೆನ್ನಾಗಿದೆಯೆಂದು ಕೊಂಡೊಯ್ಯಬೇಕು. ಒಬ್ಬರು ಕೊಂಡರೂ ಸಾಕು, ನಾನು ಚಿತ್ರಕಾರ. ಯಾರೂ ಕೊಳ್ಳದಿದ್ದರೆ ಉಳಿದ ಆಯುಷ್ಯವೆಲ್ಲ ರುಮಾಲುಗಳಿಗೆ ಮುಖ ಜೋಡಿಸುತ್ತ ಕೂಡುವುದು ಎಂದು ನಿಶ್ಚಯಿಸಿದ್ದೆ. ಹೆಂಡತಿಗೆ ಹೇಳಿದರೆ, "ಜೀವಂತ ಇದ್ದವರನ್ನ ಗ್ವಾಡಿಗೆ ಯಾಕ ಹಾಕ್ತಾರ್ರಿ? ಮನ್ಯಾಗ ಕಾಲಾಗ ಕಾಲ ಹಾಕಿ ಅಡ್ಡಾಡತಿರ್ತಾರಲ್ಲ" ಎಂದಳು.

ನಮ್ಮ ಪಕ್ಕದ ಮನೆಯ ಫಕೀರಪ್ಪಜ್ಜನನ್ನು ಹಿಡಿದೆ. ಚಿತ್ರ ಬರೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಅವನು ಮೂರು ದಿನ ಒಪ್ಪಲಿಲ್ಲ. ಏನೂ ಆಗುವುದಿಲ್ಲವೆಂದು ಆಣೆ ಮಾಡಿದ ಮೇಲೆ ಕಟ್ಟೆಯ ಮೇಲೆ ಕೂತ. ಕೂತವನು ಸುಮ್ಮನಿರಬೇಕಲ್ಲ! ಎಲೆ ಮಡಿಸುತ್ತ, ಹೋಗಿಬರುವವರನ್ನೆಲ್ಲ ಬಯ್ಯುತ್ತ, ಒಂದು ಕಣ್ಣು ಮುಚ್ಚಿ ನಗುತ್ತ ಕೂತ. ಆ ಬಯ್ಗುಳ, ಆ ನಗು ಎರಡೂ ಚಿತ್ರದಲ್ಲಿ ಬಂದವು. ನನ್ನ ಕೈಯಿಂದ ಅಷ್ಟು ಒಳ್ಳೆಯದು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಅಕ್ಕಿಆಲೂರಿನ ಅಕ್ಕಿ ಗಿರಣಿಯ ಸಾಹುಕಾರ ಚನ್ನವೀರಪ್ಪನವರು 'ಕೃಷಿ, ಕೈಗಾರಿಕೆ ಹಾಗೂ ಲಲಿತಕಲೆಗಳ ಭವ್ಯ ಪ್ರದರ್ಶನ ಮತ್ತು ಮಾರಾಟ' ಎಂದು ಹಸ್ತಪತ್ರಿಕೆ ಹೊರಡಿಸಿದರು. ಸಾಹುಕಾರರು ಬಹಳ ಒಳ್ಳೆಯವರು. ಭವ್ಯ ಎಂಬ ಮಾತನ್ನು ಅಚ್ಚು ಹಾಕಿಸಿದ ಮೇಲೆ ಉಳಿದದ್ದು ತಾನೇ ಆಗುತ್ತದೆಂದು ನಂಬಿದ್ದರು, ಅಷ್ಟೆ. ನಾನು ಹನ್ನೊಂದು ಚಿತ್ರಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದಾಗ ಲಲಿತಕಲೆಗೆ ಗಿರಣಿಯ ಗೋದಾಮಿನಲ್ಲಿ, ಕುಂಬಳಕಾಯಿಗೂ ಉಳ್ಳಾಗಡ್ಡಿಗೂ ನಡುವೆ ಜಾಗ ಸಿಕ್ಕಿತು. ಮೊಳೆ ಇರಲಿಲ್ಲ. ಚಿತ್ರಗಳನ್ನು ಭತ್ತದ ಚೀಲಗಳಿಗೆ ಆನಿಸಿ ನಿಲ್ಲಿಸಿದೆವು. ಬಹುಮಾನದ ಚೀಟಿ ಅಂಟಿಸುವವರು ನನ್ನ ಆನೆಕೆರೆಯ ಸಂಜೆಯ ಚಿತ್ರಕ್ಕೆ 'ಕುಂಬಳಕಾಯಿ, ಎರಡನೆಯ ಬಹುಮಾನ' ಎಂದು ಹಚ್ಚಿ ಹೋದರು. ಅದರ ಮುಂದೆ ರೈತರೊಬ್ಬರು ಬಹಳ ಹೊತ್ತು ನಿಂತಾಗ ನನಗೆ ಆನಂದವಾಯಿತು. ಅವರು ನೀರಿನಲ್ಲಿ ಕಾಯಿ ಹುಡುಕುತ್ತಿದ್ದರೆಂದು ಆಮೇಲೆ ತಿಳಿಯಿತು.

ಉದ್ಘಾಟನೆಗೆ ಬರಬೇಕಾದ ಅತಿಥಿಗಳು ಬರಲೇ ಇಲ್ಲ. ಅವರಿಗೆ ತಿಳಿಸಬೇಕಾದವರು ಯಾರೆಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಅವರಿಗೆಂದು ತರಿಸಿದ ದೊಡ್ಡ ಸೇವಂತಿಗೆ ಮಾಲೆ ಉಳಿಯಿತು. ನಾನು ಮೊಳೆ ಹುಡುಕಿಕೊಂಡು ಪೇಟೆಗೆ ಹೋಗಿದ್ದಾಗ ಸಾಹುಕಾರರು, ಹೂವು ಬಾಡಿಹೋಗುತ್ತದಲ್ಲ ಎಂದು ಸುತ್ತ ನೋಡಿದ್ದಾರೆ. ಚೌಕಟ್ಟಿನೊಳಗೆ ರುಮಾಲು ಸುತ್ತಿದ ಮುದುಕರೊಬ್ಬರು ಕಂಡಿದ್ದಾರೆ. ಚೌಕಟ್ಟು, ರುಮಾಲು, ಬಿಳಿ ಮೀಸೆ ಮೂರೂ ಕೂಡಿದರೆ ನಮ್ಮವರ ಕೈ ತಾನಾಗಿಯೇ ಮಾಲೆಯತ್ತ ಹೋಗುತ್ತದೆ. ನಾನು ಮರಳಿ ಬಂದಾಗ ಫಕೀರಪ್ಪಜ್ಜನ ಕೊರಳಲ್ಲಿ ಮಾಲೆ, ಹಣೆಯ ಮೇಲಿನ ಗಾಜಿಗೆ ವಿಭೂತಿ, ಮುಂದೆ ಬಾಳೆಹಣ್ಣಿಗೆ ಚುಚ್ಚಿದ ಊದಿನಕಡ್ಡಿ. ಅಜ್ಜ ಮಾತ್ರ ಅದರೊಳಗಿಂದ ಕಣ್ಣು ಹೊಡೆಯುತ್ತಿದ್ದ.

ಬಾಳೆಹಣ್ಣು ತೆಗೆಯಲು ಬಗ್ಗಿದ್ದೆ. ಹಿಂದಿನಿಂದ ಯಾರೋ ಚೀರಿದ ದನಿ ಕೇಳಿಸಿತು. ಫಕೀರಪ್ಪಜ್ಜನ ಮಗಳು ಗಂಗವ್ವ! ಅವಳನ್ನು ಅಕ್ಕಿಆಲೂರಿಗೇ ಕೊಟ್ಟದ್ದು ನನಗೆ ಮರೆತೇಹೋಗಿತ್ತು.

"ಯಪ್ಪಾ! ಎರಡ ವರ್ಷ ನಮ್ಮ ಹೊಸ್ತಿಲಾ ತುಳೀಲಿಲ್ಲ, ಹಂಗ ಹೋದೆಲ್ಲೋ ಯಪ್ಪಾ!" ಎಂದು ಅವಳು ಭತ್ತದ ಚೀಲವನ್ನು ತಬ್ಬಿಕೊಂಡು ಅಳತೊಡಗಿದಳು.

ಅವಳ ಮನೆಯ ಹೊಸ್ತಿಲಿನ ಕತೆ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವಳ ಮನೆಯ ತೊಟ್ಟಿಲಕಾರ್ಯಕ್ಕೆ ಅಳಿಯ ತಾನು ಬಂದು ಮಾವನನ್ನು ಕರೆಯದೆ, ಸಂತೆಗೆ ಬಂದವರ ಬಾಯಲ್ಲಿ ಹೇಳಿಕಳಿಸಿದ್ದ. ಕರೆಯುವವರು ಎದುರಿಗೆ ಬಂದು ಕರೆಯದ ಮನೆಗೆ ಕಾಲಿಡುವುದಿಲ್ಲವೆಂದು ಅಜ್ಜ ಹಟ ಹಿಡಿದಿದ್ದ.

"ಗಂಗವ್ವಾ, ಅಳಬ್ಯಾಡ. ಅಜ್ಜ ಆರಾಮ ಅದಾನ" ಎಂದೆ.

ಎಂಥ ತಪ್ಪು ಮಾಡಿದೆ ನೋಡಿ! ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಆರಾಮ ಅದಾರ, ಒಂದ ಸಲ ಬಂದ ಹೋಗು ಎಂದೇ ಕರೆದೊಯ್ಯುತ್ತಾರೆ. ಹಾಗಾಗಿ ನನ್ನ ಮಾತಿನಿಂದ ಅವಳಿಗಿದ್ದ ಅರೆಕೊರೆ ಸಂಶಯವೂ ಹೋಯಿತು. ನಿನ್ನೆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದನೆಂದೆ. ಅಳು ಇನ್ನೂ ಏರಿತು. ದೇವರಾಣೆ ಬದುಕಿದ್ದಾನೆಂದೆ, ಸುತ್ತಲಿದ್ದವರೂ ಕಣ್ಣೊರೆಸಿಕೊಂಡರು. ಸಾಹುಕಾರರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮಾಸ್ತರ್ರ, ನೀವೂ ಭಾಳ ಹಚ್ಚಿಕೊಂಡಿದ್ರಿ ಕಾಣತೈತಿ. ಧೈರ್ಯಾ ತಗೋರಿ" ಎಂದರು. ಆಮೇಲೆ ಟೊಪ್ಪಿಗೆ ತೆಗೆದು, ಕುಂಬಳಕಾಯಿಯವರನ್ನೂ ಸೇರಿಸಿ ಎಲ್ಲರನ್ನೂ ಎರಡು ನಿಮಿಷ ಮೌನವಾಗಿ ನಿಲ್ಲಿಸಿದರು. ಅಂದಿನ ಪ್ರದರ್ಶನದಲ್ಲಿ ಅಚ್ಚುಕಟ್ಟಾಗಿ ನಡೆದ ಕಾರ್ಯಕ್ರಮ ಅದೊಂದೇ. ಸುಳ್ಳೇಕೆ ಹೇಳಲಿ, ನಾನೂ ನಿಂತೆ.

ಗಂಗವ್ವ ಹಾನಗಲ್ಲಿಗೆ ಹೋಗಲು ಬಸ್ಸಿನತ್ತ ಓಡಿದಳು. ನಾನು ಹಿಂದೆ ಓಡಿದೆ. ಅದು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸುಗಳ ಕಾಲ. ಏರು ಬಂದಲ್ಲೆಲ್ಲ ಪ್ರಯಾಣಿಕರೇ ಇಳಿದು ದಬ್ಬಬೇಕಾಗಿತ್ತು. ಹಾನಗಲ್ಲಿನಿಂದ ಬಸ್ಸು ಕೆಮ್ಮುತ್ತ ಬಂದು ನಿಂತಿತು. ಅದರ ಹಿಂದಿನಿಂದ, ಮೀಸೆಯವರೆಗೂ ಮಸಿಯಾದ ಮುದುಕನೊಬ್ಬ ರಟ್ಟೆ ನೀವಿಕೊಳ್ಳುತ್ತ ಈಚೆ ಬಂದ. ತನ್ನ ಚಿತ್ರ ನೋಡಲು ಬರುತ್ತೇನೆಂದು ಅವನು ನನಗೆ ಹೇಳಿಯೇ ಇರಲಿಲ್ಲ.

"ಯಾಕವಾ ಗಂಗೀ, ಯಾರ ಹೋದ್ರು?" ಎಂದು ಕೇಳಿದ ಫಕೀರಪ್ಪಜ್ಜ.

ಗಂಗವ್ವ ಅವನ ಎದೆಗೆ ಎರಡೂ ಕೈಯಿಂದ ದಬದಬ ಗುದ್ದಿದಳು. ಬಸ್ಸಿನ ಮಸಿಯೆಲ್ಲ ಅವಳ ಕೈಗೆ ಬಂತು.

ಗೋದಾಮಿಗೆ ಬಂದು ಅಜ್ಜ ತನ್ನನ್ನು ತಾನು ನೋಡಿದ. ಬಯ್ಯುತ್ತಾನೆಂದು ನಾನು ಚೀಲದ ಮರೆಗೆ ಸರಿದಿದ್ದೆ. ಅವನು ಮಾಲೆ ತೆಗೆದು ಪಕ್ಕಕ್ಕಿಟ್ಟು, ಬಾಳೆಹಣ್ಣು ಸುಲಿದು ತಿಂದು, "ಮಾಸ್ತರಾ, ಚಲೋ ಹಾಕೀದಿ. ನನಗಿಂತಾ ಇಂವ ಶಾಣ್ಯಾ ಕಾಣತಾನ" ಎಂದ. ನನ್ನ ಕೆಲಸವನ್ನು ಚಿತ್ರದಲ್ಲಿರುವವರೇ ಮೆಚ್ಚಿದ್ದು ಅದೇ ಮೊದಲು.

ಸಾಹುಕಾರರಿಗೆ ಬಹಳ ನಾಚಿಕೆಯಾಗಿತ್ತು. ಮಾಡಿದ ತಪ್ಪಿಗೆ ಚಿತ್ರವನ್ನು ತಾವೇ ಕೊಳ್ಳುವುದಾಗಿ ಹೇಳಿದರು. ನಾನು ಚೀಲದ ಮರೆಯಿಂದ ಈಚೆ ಬಂದೆ. "ಮಾರಿ ಒಂದ ತಿದ್ದಿ ನಮ್ಮಪ್ಪನ್ನ ಮಾಡಿಕೊಡ್ರಿ. ರುಮಾಲ ಥೇಟ ನಮ್ಮಪ್ಪಂದ ಐತಿ" ಎಂದೂ ಹೇಳಿದರು. ಒಪ್ಪಿಬಿಡೋಣವೆಂದು ನನ್ನ ನಾಲಗೆಯ ತುದಿಗೆ ಬಂದಿತ್ತು. ನಿಮಗೆ ನನ್ನ ಮೇಲೆ ಗೌರವ ಉಳಿಯಲೆಂದು ಇದನ್ನು ಮುಚ್ಚಿಡಬಹುದಿತ್ತು.

"ಅದನ್ನ ಯಾರೂ ತಿದ್ದಬ್ಯಾಡ್ರಿ" ಎಂದಳು ಗಂಗವ್ವ. "ನಾ ಒಯ್ತೇನಿ. ಒಂದ ಚೀಲ ಅಕ್ಕಿ ಕೊಡ್ತೇನಿ, ಮಾಸ್ತರ್ರ."

ಅಕ್ಕಿ ಕಣ್ಣಿಗೆ ಬೀಳುವುದೇ ಅಪರೂಪವಾಗಿದ್ದ ದಿನಗಳವು. ಅಜ್ಜ ಹೌಹಾರಿದ. "ಹುಚ್ಚಿ ಅದೀಯೇನ? ಈ ಹಲಗಿಗೆ ಒಂದ ಚೀಲ ಅಕ್ಕಿ? ನಾ ಖುದ್ದ ಪುಕ್ಕಟ ಅದೇನಲ್ಲ!"

"ನೀ ಎಲ್ಲಿ ಅದೀಯೋ ಯಪ್ಪಾ?" ಎಂದಳು ಗಂಗವ್ವ. "ನಮ್ಮನಿಗೆ ನೀ ಬರೂದಿಲ್ಲ. ಇಂವನರೆ ಇರ್ಲಿ."

ಅಜ್ಜ ಬಾಳೆಹಣ್ಣಿನ ಸಿಪ್ಪೆಯನ್ನು ಎಲೆಯಂತೆ ಮಡಿಸಿ ಮಡಿಸಿ ಚೀಲದ ಮೇಲಿಟ್ಟ.

ಚಿತ್ರಕ್ಕೆ ತೇಗದ ಚೌಕಟ್ಟು, ದಪ್ಪ ಗಾಜು. ಅದನ್ನು ಹೊರಲು ಸಾಹುಕಾರರು ಹಮಾಲರನ್ನು ಕೂಗಿದರು. ಅವರೆಲ್ಲ ಹೋರಿಗಳ ಪರೀಕ್ಷೆ ನೋಡಲು ಹೋಗಿದ್ದರು. ಹೋರಿಗಳ ಪರೀಕ್ಷೆ ನಾಳೆ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಡೆಗೆ ಫಕೀರಪ್ಪಜ್ಜ ರುಮಾಲು ಬಿಚ್ಚಿ, ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, "ಎತ್ತ ಮಾಸ್ತರಾ" ಎಂದ. ತನ್ನನ್ನು ತಾನೇ ಹೊತ್ತುಕೊಂಡು ಪೇಟೆಯ ನಡುವೆ ನಡೆದ. ಗಂಗವ್ವ ಮುಂದೆ, ನಾನು ಮೊಳೆ ಹಿಡಿದು ಹಿಂದೆ.

ಅವಳ ಮನೆಯ ಬಾಗಿಲಿಗೆ ಬಂದು ಅಜ್ಜ ನಿಂತುಬಿಟ್ಟ. ಚಿತ್ರ ತಲೆಯ ಮೇಲೆ, ಹೊಸ್ತಿಲು ಕಾಲ ಮುಂದೆ. ಗಂಗವ್ವ ಒಳಹೋಗಿ ತಂಬಿಗೆಯಲ್ಲಿ ಕಾಲಿಗೆ ನೀರು ತಂದಿಟ್ಟಳು. ಅಜ್ಜ ಅಲುಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಅಳಿಯ ಬಂದ. ಮಾವನನ್ನು ನೋಡಿದ, ಚಿತ್ರವನ್ನು ನೋಡಿದ, ಏನು ಹೇಳಬೇಕೋ ತಿಳಿಯದೆ ಚೌಕಟ್ಟಿನ ಇನ್ನೊಂದು ತುದಿಗೆ ಕೈಕೊಟ್ಟು, "ಕದಾ ಗಿಡ್ಡ ಐತ್ರಿ ಮಾವಾ. ತೆಲಿ ಬಗ್ಗಿಸಿ ಒಳಗ ಬರ್ರಿ" ಎಂದ.

ಎದುರಿಗೆ ನಿಂತು, ಬಾಯಿ ತುಂಬ, ಬರ್ರಿ ಎಂದಂತಾಯಿತು. ಅಜ್ಜ ಕಾಲಿಗೆ ನೀರು ಹಾಕಿಕೊಂಡು, ತಲೆ ಬಗ್ಗಿಸಿ ಒಳಗೆ ಹೋದ.

ಬದುಕಿರುವವರ ಚಿತ್ರವೊಂದನ್ನು ಪ್ರದರ್ಶನದಲ್ಲಿ ಮಾರಿದೆನೆಂದು ನಾನು ಇಂದಿಗೂ ಎಲ್ಲರೆದುರು ಹೇಳಿಕೊಳ್ಳುತ್ತೇನೆ. ನಿಮ್ಮೆದುರು ಮಾತ್ರ ನಿಜ ಹೇಳುತ್ತೇನೆ. ಗಂಗವ್ವ ಒಂದು ಚೀಲ ಅಕ್ಕಿ ಕೊಟ್ಟು ಕೊಂಡದ್ದು ಅದನ್ನು ಹೊತ್ತು ತಂದ ಮುದುಕನನ್ನು. ನನ್ನ ಚಿತ್ರ ಕೊಸರಿಗೆ ಬಂತು.