ನಳದ ಸಾಲಿನಲ್ಲಿ ಆಡಿದ ಹೊಗಳಿಕೆ

ಅರವತ್ತರ ದಶಕ ಮುಗಿಯುತ್ತ ಬಂದಾಗ ನಾನು ಕುರ್ಲಾದ ಒಂದು ಕನ್ನಡ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ಸೇರಿದೆ. ಮದುವೆಯಾಗಿ ಧಾರವಾಡದಿಂದ ಮುಲುಂಡಿಗೆ ಬಂದು ಬಹಳ ದಿನ ಆಗಿರಲಿಲ್ಲ. ಲೋಕಲ್ ರೈಲು ಹತ್ತುವುದನ್ನೂ ಇಳಿಯುವುದನ್ನೂ ಆಗಷ್ಟೇ ಕಲಿತಿದ್ದೆ. ನನಗೆ ಎರಡನೆಯ ಇಯತ್ತೆ, ಅಂದರೆ ಎರಡನೆಯ ತರಗತಿ ಕೊಟ್ಟರು. ಮೂರನೆಯ ಇಯತ್ತೆ ಪಕ್ಕದಲ್ಲೇ, ನಡುವೆ ಹಲಗೆಯ ಒಂದು ಗೋಡೆ ಮಾತ್ರ. ಅದನ್ನು ಕಲಿಸುತ್ತಿದ್ದವರು ನನಗಿಂತ ತುಂಬ ಹಿರಿಯರು. ಮಕ್ಕಳು ಅವರನ್ನು ದೊಡ್ಡ ಅಕ್ಕೋರು ಎಂದು ಕರೆಯುತ್ತಿದ್ದರು. ಹಾಗಾಗಿ ನಾನು ಸಣ್ಣ ಅಕ್ಕೋರು ಆದೆ.

ನಮ್ಮ ಮಕ್ಕಳೆಲ್ಲ ಹೆಚ್ಚಾಗಿ ವಿಜಾಪುರದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು. ತಂದೆತಾಯಿಗೆ ಓದು ಬರುತ್ತಿರಲಿಲ್ಲ. ಶಾಲೆಯಿಂದ ಚೀಟಿ ಕಳಿಸಿದರೆ ಅದನ್ನು ಮನೆಯಲ್ಲಿ ಓದಿ ಹೇಳಬೇಕಾದವನು ಚೀಟಿ ತಂದ ಹುಡುಗನೇ. ಒಬ್ಬನಂತೂ, "ತಪ್ಪದೆ ಶಾಲೆಗೆ ಕಳಿಸಿರಿ" ಎಂದು ಬರೆದ ಚೀಟಿಯನ್ನು ಅವ್ವನ ಮುಂದೆ ಹಿಡಿದು, "ನಾಳೆ ಸಾಲಿ ಸೂಟಿ ಐತಂತ" ಎಂದು ಅದನ್ನು ರಜೆಯ ಚೀಟಿಯಾಗಿ ಸರಾಗವಾಗಿ ಓದಿದ್ದ. ಅಂದಿನಿಂದ ದೊಡ್ಡ ಅಕ್ಕೋರು ಚೀಟಿ ಕಳಿಸುವುದನ್ನು ಬಿಟ್ಟರು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಅವರೇ ಮಕ್ಕಳ ಮನೆಗಳಿದ್ದ ಚಾಳಿಗೆ ಹೋಗುತ್ತಿದ್ದರು. ಆ ಹೊತ್ತಿಗೆ ನಳಕ್ಕೆ ನೀರು ಬರುತ್ತಿತ್ತು. ತಾಯಂದಿರು ಕೊಡ, ಬಾಲ್ದಿ ಇಟ್ಟು ಸಾಲಾಗಿ ನಿಂತಿರುತ್ತಿದ್ದರು. ಯಾರ ಕೊಡ ನಳದ ಕೆಳಗೆ ಬಂತೋ ಅವರ ಮಗುವಿನ ಸುದ್ದಿ. ಕೊಡ ತುಂಬುವಷ್ಟರಲ್ಲಿ ಹೇಳಿ ಮುಗಿಸಬೇಕು.

"ಅಕ್ಕೋರ, ನಮ್ಮಂವ ಏನಂತಾನ್ರಿ?"

"ಹಾಡು ಭಾಳ ಛಂದ ಹೇಳ್ತಾನ ನೋಡ್ರಿ."

"ಹಾಡೇನ್ರಿ? ಅವರಪ್ಪನೂ ಹಂಗ ಹಾಡಿ ಹಾಡಿ ನನ್ನ ಈ ನಳದ ಮುಂದ ತಂದ್ ನಿಲ್ಲಿಸ್ಯಾನ!"

ಸಾಲೆಲ್ಲ ನಗುತ್ತಿತ್ತು. ದೊಡ್ಡ ಅಕ್ಕೋರೂ ನಗುತ್ತಿದ್ದರು. ಆದರೆ ಅವರು ಅಲ್ಲಿ ಹೊಗಳಿಕೆಯನ್ನಲ್ಲದೆ ಬೇರೆ ಮಾತು ಆಡುತ್ತಿರಲಿಲ್ಲ. ಯಾಕೆಂದು ನಾನೊಮ್ಮೆ ಕೇಳಿದೆ. ಹಿಂದೆ ಒಬ್ಬ ಹುಡುಗನಿಗೆ ಮಗ್ಗಿ ಬರುವುದಿಲ್ಲ ಎಂದು ನಳದ ಹತ್ತಿರ ಹೇಳಿದ್ದರಂತೆ. ಅವನಪ್ಪ ಅಂದೇ ಅವನಿಗೆ ಹೊಡೆದ. ಚಾಳಿನ ಮಂದಿ ಮಳೆಗಾಲ ಮುಗಿಯುವ ತನಕ ಅವನನ್ನು ದಡ್ಡ ಎಂದೇ ಕರೆದರು. "ಇಲ್ಲಿ ಒಬ್ಬರಿಗೆ ಹೇಳಿದ್ದು ಎಲ್ಲಾರಿಗೂ ಹೇಳಿದ್ಹಂಗ, ತಂಗಿ. ಅದಕ್ಕ ಛಲೋದಽ ಹೇಳಬೇಕು" ಎಂದರು. ನನಗೆ ಅದು ಸರಿಯೆನಿಸಿತು. ಶನಿವಾರ ಅವರ ಜೊತೆ ನಾನೂ ಹೋಗತೊಡಗಿದೆ.

ಅವರ ವರ್ಗದಲ್ಲಿ ಒಬ್ಬ ಹುಡುಗಿ ಇದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಪಾಠ ಬೇಗ ಹಿಡಿಯುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ವರ್ಗವನ್ನು ಹಿಡಿಯುತ್ತಿದ್ದಳು. ದೊಡ್ಡ ಅಕ್ಕೋರು ಹೊರಗೆ ಹೋದರೆ ಅವಳು ಎದ್ದು ಬಂದು ಕರಿಹಲಗೆಯ ಮುಂದೆ ನಿಂತು, ತುಟಿಯ ಮೇಲೆ ಬೆರಳಿಡುತ್ತಿದ್ದಳು. ಅಷ್ಟೇ. ಕೂಗುತ್ತಿರಲಿಲ್ಲ, ಯಾರ ಹೆಸರನ್ನೂ ಹಲಗೆಯ ಮೇಲೆ ಬರೆಯುತ್ತಿರಲಿಲ್ಲ. ಗೋಡೆಯಾಚೆ ಸದ್ದು ನಿಂತು ಹೋದುದು ನನ್ನ ವರ್ಗದಲ್ಲಿ ನನಗೆ ತಿಳಿಯುತ್ತಿತ್ತು. ಆಮೇಲೆ ಹಿಂದಿನ ಸಾಲಿನ ಮಕ್ಕಳಿಗೆ ಅವಳು ಮೆಲ್ಲಗೆ ಮಗ್ಗಿ ಹೇಳಿಕೊಡುವುದು ಕೇಳುತ್ತಿತ್ತು.

ಆ ವರ್ಷ ಅವಳ ತಾಯಿಗೆ ಇನ್ನೊಂದು ಕೂಸು ಹುಟ್ಟಿತು. ತಾಯಿ ವಿಕ್ರೋಳಿಯ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು. ಕೂಸಿಗಾಗಿ ಮನೆಯಲ್ಲಿ ಉಳಿದಿದ್ದಳು. ಮತ್ತೆ ಕೆಲಸಕ್ಕೆ ಹೊರಟರೆ ಹಿರಿಯ ಮಗಳನ್ನು ಕೂಸಿನ ಹತ್ತಿರ ಬಿಡುತ್ತಾಳೆ, ಅಲ್ಲಿಗೆ ಅವಳ ಶಾಲೆ ಮುಗಿಯಿತು ಎಂಬುದು ನಮಗಿಬ್ಬರಿಗೂ ಗೊತ್ತಿತ್ತು. ಹಾಗೆ ಹೋದ ಹುಡುಗಿಯರನ್ನು ದೊಡ್ಡ ಅಕ್ಕೋರು ಬಹಳ ಕಂಡಿದ್ದರು. ಒಂದು ಶನಿವಾರ ನಾವಿಬ್ಬರೂ ಚಾಳಿಗೆ ಹೊರಟೆವು. ರೇಲ್ವೆ ಸೇತುವೆ ಇಳಿಯುವಾಗ ಅವರು, "ಮಗಳ ಕಿಮ್ಮತ್ತು ಏನಂತ ಇವತ್ತ ಆ ತಾಯಿಗೆ ತಿಳೀಬೇಕು" ಎಂದರು.

ತಾಯಿ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದಳು. ಅವಳ ಹಿಂದೆ ಅವಳ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ. ತಾಯಿಯ ಕೊಡ ನಳದ ಕೆಳಗೆ ಬಂದಿತು. ದೊಡ್ಡ ಅಕ್ಕೋರು ಎಂದಿಗಿಂತ ಎತ್ತರದ ದನಿಯಲ್ಲಿ, ಎಲ್ಲರಿಗೂ ಕೇಳಲೆಂದೇ ಹೇಳಿದರು:

"ನಿಮ್ಮ ಮಗಳಂಥಾಕಿ ನನ್ನ ವರ್ಗದಾಗ ಯಾರೂ ಇಲ್ಲ ನೋಡ್ರಿ. ನಾ ಹೊರಗ ಹೋದ್ರ ಇಡೀ ವರ್ಗ ಅಕೀನಽ ಸಂಭಾಳಿಸ್ತಾಳ. ಬಾಯಿಮ್ಯಾಲ ಬಟ್ಟು ಇಟ್ಟಳಂದ್ರ ಎಲ್ಲಾರೂ ಗಪ್. ಯಾರರೆ ಅತ್ರೂ ಅಕೀನಽ ರಮಿಸ್ತಾಳ. ದೊಡ್ಡವರಿಗೆ ಇರಂಗಿಲ್ಲ ಅಷ್ಟು ತಿಳುವಳಿಕಿ."

ತಾಯಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಅವಳು ಸುತ್ತಲಿನವರ ಕಡೆ ಒಮ್ಮೆ ತಿರುಗಿದಳು. ಆಗ ಹಿಂದಿನಿಂದ ನೆಗೆಣ್ಣಿ ಎಂದಳು:

"ಕೇಳಿದಿ ಏನ್ ಬೇ ಯಕ್ಕಾ? ಅಷ್ಟು ಹುಡುಗರನ್ನ ನೋಡಾಕಿಗೆ ನಿನ್ನ ಒಂದು ಕೂಸು ಭಾರ ಆಗ್ತೈತೇನ? ಸುಮ್ನ ಕೂಸಿನ ನೆಪಾ ಮಾಡ್ಕೊಂಡು ಮನ್ಯಾಗ ಕುಂತೀ ನೀ!"

ಸಾಲು ನಕ್ಕಿತು. ತಾಯಿಯೂ ನಕ್ಕಳು. ಆಮೇಲೆ ನಗು ನಿಲ್ಲಿಸಿ, ನಿಧಾನವಾಗಿ, "ಹೌದಲ್ಲ ಬೇ. ಅಕಿ ಮನ್ಯಾಗ ಒಂದ್ ಮಾತ್ ಹೇಳಿಲ್ಲ ನೋಡು, ಇಷ್ಟ್ ಶಾಣ್ಯಾ ಆಗ್ಯಾಳ ಅಂತ" ಎಂದಳು.

ದೊಡ್ಡ ಅಕ್ಕೋರು ಗಡಬಡಿಸಿ, "ಅದಕ್ಕಽ ಹೇಳೂದು, ಸಾಲಿ ಬಿಡಿಸಬ್ಯಾಡ್ರಿ, ನಾಕನೇ ಇಯತ್ತೆ ಮುಗೀಲಿ" ಎಂದರು. ಅಷ್ಟರಲ್ಲಿ ಕೊಡ ತುಂಬಿ ಹರಿಯಿತು. ಹಿಂದಿನವರು ಗದ್ದಲ ಮಾಡಿದರು. ತಾಯಿ ಕೊಡವೆತ್ತಿ ಸೊಂಟಕ್ಕಿಟ್ಟುಕೊಂಡು ಹೊರಟಳು. ನೆಗೆಣ್ಣಿಯ ಬಾಲ್ದಿ ನಳದ ಕೆಳಗೆ ಬಂತು.

ನಾನು ಪಕ್ಕದಲ್ಲೇ ಛತ್ರಿ ಹಿಡಿದು ನಿಂತಿದ್ದೆ. ತಾಯಿ ಹೋಗುತ್ತಿದ್ದ ದಾರಿ ಕಾಣುತ್ತಿತ್ತು. ಹಿಂದೆ ಓಡಿ ಹೋಗಿ ಏನಾದರೂ ಹೇಳಬಹುದಿತ್ತು. 

ಸೋಮವಾರ ಗೋಡೆಯಾಚೆಯ ಗದ್ದಲ ನಿಲ್ಲಲಿಲ್ಲ. ನಾನು ಎದ್ದು ಹೋಗಿ ಇಣುಕಿ ನೋಡಿದೆ. ಮುಂದಿನ ಸಾಲಿನಲ್ಲಿ ಅವಳ ಜಾಗ ಖಾಲಿ ಇತ್ತು. ಉಳಿದ ಹುಡುಗಿಯರು ಸರಿದು ಕೂತಿರಲಿಲ್ಲ.

ಕೆಲವು ದಿನ ಕಾದು ನೋಡಿ, ಒಂದು ಸಂಜೆ ನಾವಿಬ್ಬರೂ ಚಾಳಿನಲ್ಲಿ ಅವರು ಇದ್ದ ಖೋಲಿಗೆ ಹೋದೆವು. ತಾಯಿ ಆಗತಾನೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು. ತಲೆಗೂದಲಲ್ಲಿ ಸಿಮೆಂಟು ಇತ್ತು. ನಮ್ಮನ್ನು ಕಂಡು ಗಡಿಬಿಡಿಯಿಂದ ಚಾಪೆ ಹಾಸಿದಳು. ಹುಡುಗಿ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ದೊಡ್ಡ ಅಕ್ಕೋರು ಬಹಳ ಹೊತ್ತು ಕೇಳಿಕೊಂಡರು. ಅರ್ಧ ದಿನವಾದರೂ ಕಳಿಸಿರಿ, ಕೂಸನ್ನು ಎತ್ತಿಕೊಂಡು ಬಂದರೂ ಸರಿ ಎಂದರು.

"ಅಕ್ಕೋರ, ನೀವಽ ಹೇಳಿದ್ರಲ್ರಿ" ಎಂದಳು ತಾಯಿ. "ನಾನು ಅಕೀನ್ನ ಇನ್ನಾ ಸಣ್ಣಾಕಿ ಅಂತ ತಿಳ್ಕೊಂಡಿದ್ನಿ. ನೀವು ಹೇಳಿದ ಮ್ಯಾಲ ಧೈರ್ಯ ಬಂತ್ರಿ. ಖರೇ ಹೇಳ್ತೀನಿ, ಅಕಿ ಕೈಯಾಗ ಕೂಸು ಅಳೂದಽ ಇಲ್ರಿ. ನಿಮ್ಮ ಉಪಕಾರ ಮರ್ಯಂಗಿಲ್ರಿ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾವು ಜಗಳವಾದರೂ ಆಡಬಹುದಿತ್ತು. ಚಹಾ ಕುಡಿದು ಹೊರಗೆ ಬಂದೆವು. ಸ್ಟೇಷನ್ನಿನ ತನಕ ದೊಡ್ಡ ಅಕ್ಕೋರು ಮುಂದೆ, ನಾನು ಹಿಂದೆ ನಡೆದೆವು. ಗಾಡಿ ಬಂದರೂ ಅವರು ಹತ್ತಲಿಲ್ಲ. ಮುಂದಿನದಕ್ಕೆ ಬರುತ್ತೇನೆ, ನೀನು ಹೋಗು ಎಂದರು.

ಆಮೇಲೆ ಅವರು ನಳದ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಆದರೆ ಹೇಳುವುದನ್ನು ಬದಲಿಸಿದರು. "ಇನ್ನಾ ಕಚ್ಚಾ ಅದಾಳ್ರಿ. ಇನ್ನೊಂದು ವರ್ಷ ಬೇಕು." ಹುಡುಗಿಯರ ಬಗ್ಗೆ ಎಲ್ಲ ತಾಯಂದಿರಿಗೂ ಇದೇ ಮಾತು. ಹಾಡುವವಳಿಗೂ, ಲೆಕ್ಕ ಬರುವವಳಿಗೂ ಇದೇ ಮಾತು. ತಾಯಂದಿರು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಆದರೆ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು. ಕಚ್ಚಾ ಎನ್ನಿಸಿಕೊಂಡ ಹುಡುಗಿ ಸೋಮವಾರ ಬರುತ್ತಿದ್ದಳು, ತಲೆ ತಗ್ಗಿಸಿಕೊಂಡು. ಬಂದಳಲ್ಲ ಎಂದು ನಾವು ಸಮಾಧಾನ ಪಟ್ಟುಕೊಳ್ಳುತ್ತಿದ್ದೆವು.

ಬೇಸಿಗೆ ಹತ್ತಿರ ಬಂದಿತ್ತು. ಒಂದು ಶನಿವಾರ, ಶಾಲೆ ಬಿಟ್ಟ ಆ ಎರಡು ಜಡೆಯ ಹುಡುಗಿಯೂ ಕೊಡ ಇಟ್ಟು ಸಾಲಿನಲ್ಲಿ ನಿಂತಿದ್ದಳು. ಕೂಸು ಸೊಂಟದ ಮೇಲೆ ಕೂರುವಷ್ಟು ಬೆಳೆದಿತ್ತು. ಅವಳ ಮುಂದೆ ನಿಂತಿದ್ದ ಹೆಂಗಸು ತನ್ನ ಮಗಳ ಸುದ್ದಿ ಕೇಳಿದಳು. ಆ ಮಗಳು ಮೊದಲು ವರ್ಗದ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವಳು. ಈಗ ಚೆನ್ನಾಗಿ ಓದುತ್ತಿದ್ದಳು.

"ಇನ್ನಾ ಕಚ್ಚಾ ಅದಾಳ್ರಿ" ಎಂದರು ದೊಡ್ಡ ಅಕ್ಕೋರು. "ಮಗ್ಗಿ ಸುದ್ದಾ ಬರಂಗಿಲ್ಲ."

"ಬರ್ತೈತ್ರಿ ಅಕ್ಕೋರ" ಎಂದಳು ನಮ್ಮ ಹುಡುಗಿ. ಅವಳಿಗೆ ಖುಷಿಯಾಗಿತ್ತು, ತನಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ವರ್ಗದಲ್ಲಿ ಕೇಳಿದ ಹಾಗೆ. "ಅಕಿಗೆ ಎಲ್ಲಾ ಮಗ್ಗಿ ಬರ್ತಾವ್ರಿ. ನಾನಽ ಕಲಿಸೀನಿ."

ಆ ಹೆಂಗಸು ಅವಳನ್ನೂ ನೋಡಿದಳು, ಅಕ್ಕೋರನ್ನೂ ನೋಡಿದಳು.  

"ನೀ ಸುಮ್ನಿರು" ಎಂದು ದೊಡ್ಡ ಅಕ್ಕೋರು ಹುಡುಗಿಗೆ ಗದರಿದರು. "ನಿನಗೇನ್ ತಿಳೀತದ? ದೊಡ್ಡವರು ಮಾತಾಡೂದರಾಗ ಬಾಯಿ ಹಾಕಬಾರದು."

ವರ್ಗದಲ್ಲಿ ಅವರು ಅವಳಿಗೆ ಒಂದು ದಿನವೂ ಗದರಿದ್ದನ್ನು ನಾನು ಕೇಳಿರಲಿಲ್ಲ. ಅವಳು ಅವರ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ, ಹಿಂದೆ ವರ್ಗಕ್ಕೆ ಮಾಡಿ ತೋರಿಸುತ್ತಿದ್ದ ಹಾಗೆಯೇ, ತನ್ನ ತುಟಿಯ ಮೇಲೆ ತಾನೇ ಬೆರಳಿಟ್ಟುಕೊಂಡಳು. ಕೂಸಿಗೆ ಅದು ಆಟವೆನಿಸಿತು. ಎರಡೂ ಕೈಯಿಂದ ಆ ಬೆರಳನ್ನು ಹಿಡಿದು ಎಳೆಯತೊಡಗಿತು. ಅವಳು ತೆಗೆಯಲಿಲ್ಲ.